ದೇವರ ಜತೆ ಟೂ ಬಿಟ್ಟ ಅತ್ತೆ

ನನ್ನ ಸೋದರತ್ತೆ ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಕಲಿಯುವವರ ಪಕ್ಕದ ಸೀಟು ಅವರದು, ಅಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕ್ ಇದೆ, ಹಾಗಾಗಿ ಊರಿಗೆಲ್ಲ ಅವರು ಬ್ರೇಕ್ ಆಂಟಿ. ಆ ಕಾರಿನಲ್ಲಿ ಯಾವಾಗಲೂ ಮೂವರು: ಕಲಿಯುವವರು, ಅತ್ತೆ, ಮತ್ತೆ ದೇವರು. ನಿಜವಾಗಿ! ಯಾರಾದರೂ ಸರಿಯಾಗಿ ರಿವರ್ಸ್ ತೆಗೆದರೆ "ನೋಡಿದ್ಯಾ ಯೇಸಪ್ಪಾ, ಬಂತು ಇವನಿಗೆ!" ಎಂದು ಡ್ಯಾಶ್‌ಬೋರ್ಡ್ ತಟ್ಟಿ ಕೀರ್ತನೆ ಶುರು. ಬೇಜಾರಾದರೆ ಸಿಗ್ನಲ್ಲಿನಲ್ಲೇ ಯೇಸಪ್ಪನೆದುರು ಅಳು, ಹಸಿರು ಬಿದ್ದ ಕೂಡಲೇ ಮೂಗು ಒರೆಸಿಕೊಂಡು "ಫಸ್ಟ್ ಗೇರ್." ಮಾವ ತೀರಿಕೊಂಡಾಗ ವರ್ಷವಿಡೀ ಅವನ ಜತೆ ಜಗಳವಾಡಿದರು, ಮಾತು ಮಾತ್ರ ಬಿಡಲಿಲ್ಲ.

ಹೋದ ತಿಂಗಳು ಬಿಟ್ಟರು.

ಎಡಗಣ್ಣು ಮೊದಲೇ ಮಬ್ಬು. ಈಗ ಬಲಗಣ್ಣಿಗೂ ಆಪರೇಷನ್ ಬೇಕು, ಅದೂ ಕೈಕೊಟ್ಟರೆ ಕಾರಿನ ಕೆಲಸ ಮುಗಿಯಿತು ಅಂತ ಡಾಕ್ಟರು ಹೇಳಿಬಿಟ್ಟರು. ಅತ್ತೆ ಮನೆಗೆ ಬಂದು, ಚಪ್ಪಲಿ ಕಳಚಿ, ಮೇಲೆ ನೋಡಿ "ಟೂ" ಅಂದರು. ಅರವತ್ತರ ಹೆಂಗಸು, ಕಿರುಬೆರಳು ತೋರಿಸಿ!

ಅಲ್ಲಿಂದ ನಾನೇ ಪೋಸ್ಟ್‌ಮ್ಯಾನ್. ಊಟಕ್ಕೆ ಕೂತರೆ:

"ಹೇಳು ಅವನಿಗೆ, ಊಟ ಸಿಕ್ತು, ಥ್ಯಾಂಕ್ಸ್."

"ನೀವೇ ಹೇಳಿ ಅತ್ತೆ, ಇಲ್ಲೇ ಇದ್ದಾನಲ್ಲ."

"ಇದ್ರೆ ಇರ್ಲಿ. ಉಪ್ಪು ಕಮ್ಮಿ ಅಂತ್ಲೂ ಹೇಳು."

"ಅಡಿಗೆ ಮಾಡಿದ್ದು ನಾನು!"

"ಹಾಗಾದ್ರೆ ಅದು ನಿನಗೇ."

ಚರ್ಚಿಗೆ ತಪ್ಪದೆ ಬರುತ್ತಿದ್ದರು, ಹಾಡುವಾಗ ಮಾತ್ರ ಬಾಯಿ ಬಿಗಿ. ಪಾದ್ರಿಗಳು ಯಾಕಮ್ಮಾ ಎಂದು ಕೇಳಿದರೆ, "ಅವನ ಮನೆಗೆ ಬರೋದು ಬಿಟ್ಟಿಲ್ವಲ್ಲ ಫಾದರ್, ಮಾತು ಬಿಟ್ಟಿದೀನಿ ಅಷ್ಟೇ!" ಆದರೆ ಒಬ್ಬರೇ ಕೂತಾಗ, ಅಭ್ಯಾಸಬಲದಿಂದ ಬಾಯಿ ತೆರೆದು, ನೆನಪಾಗಿ ಟಪ್ಪನೆ ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡಿದಾಗ ನನಗೆ ನಗು ಬರುತ್ತಿರಲಿಲ್ಲ.

ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿಸಲು ಸ್ಕೂಲಿನ ಕಾರಿನಲ್ಲಿ ಕರೆದುಕೊಂಡು ಹೊರಟವಳು ನಾನು, ಅವರ ಕೈಯಲ್ಲೇ ಕಲಿತು, ಮೂರನೇ ಸಲಕ್ಕೆ ಪಾಸಾಗಿ, ಲೈಸೆನ್ಸ್ ಸಿಕ್ಕಿ ಇನ್ನೂ ವಾರ ತುಂಬದವಳು! ಸರ್ಕಲ್ಲಿನಲ್ಲಿ ಬಸ್ಸೊಂದು ಹಾರ್ನ್ ಬಾರಿಸುತ್ತಾ ಮೈಮೇಲೇ ಬಂತು, ನಾನು "ಅಯ್ಯೋ!" ಅಂದೆ, ಅತ್ತೆ ಸರಿಯಾಗಿ ಏನೂ ಕಾಣದಿದ್ದರೂ ತಮ್ಮ ಬ್ರೇಕ್ ತುಳಿದು ಕೂಗಿದರು:

"ಯೇಸಪ್ಪಾ, ಈ ಹುಡುಗೀನ ನೋಡ್ಕೊಳ್ಳೋ!"

ಕಾರು ನಿಂತಿತು. ಬಸ್ಸು ಹೋಯಿತು.

"ಅತ್ತೆ! ಮಾತಾಡ್ಬಿಟ್ರಿ!"

"ಸುಮ್ನೆ ಗೇರ್ ಹಾಕು. ಒಂದು ತಿಂಗಳ ಮಾತು ಬಾಕಿ ಇದೆ, ನಮ್ಮಿಬ್ಬರ ಮಧ್ಯೆ ಬರಬೇಡ."

ಆಸ್ಪತ್ರೆವರೆಗೂ ಮಾತು ನಿಲ್ಲಲಿಲ್ಲ. ಬೈದರು, ಪಟ್ಟಿ ನೆನೆದೀತೆಂದು ಅಳು ನುಂಗಿ ನಕ್ಕರು, ನನ್ನ ಕ್ಲಚ್ಚಿನ ಬಗ್ಗೆ ದೂರು ಕೊಟ್ಟರು, ಕೊನೆಗೆ ಮೆತ್ತಗೆ ಹೇಳಿದರು: "ಕಣ್ಣು ಕೊಡು ಅಂತ ಕೇಳೋದು ಬಿಡಲ್ಲ. ಕೊಡದಿದ್ರೂ ಸರಿ, ಪಕ್ಕದಿಂದ ಇಳಿದು ಮಾತ್ರ ಹೋಗ್ಬೇಡ."

ಡಾಕ್ಟರು ಪಟ್ಟಿ ಬಿಚ್ಚಿದರು. "ಕಣ್ಣು ಬಿಡಿ ಅಮ್ಮಾ."

"ಒಂದ್ನಿಮಿಷ ಡಾಕ್ಟ್ರೇ, ಮಾತು ಮುಗೀಲಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ, ಅವರ ತುಟಿ ಆರಾಮಾಗಿ ಅಲ್ಲಾಡುತ್ತಿತ್ತು. ಆಮೇಲೆ ನಿಧಾನಕ್ಕೆ ಕಣ್ಣು ಬಿಟ್ಟು, ಎರಡು ಸಲ ಮಿಟುಕಿಸಿ, ನೇರ ನನ್ನನ್ನೇ ನೋಡಿದರು.

"ಷರ್ಟಿನ ಗುಂಡಿ ತಪ್ಪಾಗಿ ಹಾಕಿದೀಯ ಕಣೇ. ಹೀಗೇ ಊರೆಲ್ಲಾ ಸುತ್ಕೊಂಡು ಬಂದ್ಯಾ?"

ವಾಪಸ್ ಬರುವಾಗ ಕಾರಿನಲ್ಲಿ ಮೊದಲಿನ ಹಾಗೆ ಮೂವರೂ ಇದ್ದೆವು. ನನಗೆ ಮಾತ್ರ ಬಾಯಿ ತೆರೆಯಲು ಸಂದೇ ಸಿಗಲಿಲ್ಲ.