ಬ್ರೇಕಿಗೊಬ್ಬ ದಸ್ತಗೀರ್ ಸಾಬ್

ಮಾನ್ವಿಯಲ್ಲಿ ಎಂಜಿನ್ ಬಿಚ್ಚುವವರು ಬೇಕಾದಷ್ಟು ಜನ ಇದ್ದಾರೆ. ಹಳೆಯ ಅಂಬಾಸಿಡರ್ ಕಾರಿಗೆ ಬ್ರೇಕ್ ಮಾಡಿಸಬೇಕೆಂದರೆ ಮಾತ್ರ ರಾಯಚೂರಿನವರೂ ದಸ್ತಗೀರ್ ಸಾಬರ ತಗಡಿನ ಗ್ಯಾರೇಜನ್ನೇ ಹುಡುಕಿಕೊಂಡು ಬರುತ್ತಾರೆ. ಮನುಷ್ಯ ಮಾತಿನಲ್ಲಿ ಜಿಪುಣ, ಕೆಲಸದಲ್ಲಿ ಮಹಾ ಮಡಿವಂತ. ಗಾಲಿಯ ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಎಂದೂ ಊದುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಡ್ರಮ್ಮನ್ನು ಒತ್ತಿ ಗಾಲಿ ನಿಲ್ಲಿಸುವ ಹೊಸ ಬ್ರೇಕ್ ಶೂ ಮುಟ್ಟುವ ಮುಂಚೆ ನಮಾಜಿಗೆ ಹೊರಟವರಂತೆ ಮೊಣಕೈವರೆಗೆ ತೊಳೆಯುತ್ತಾರೆ, ಅದೂ ಸೋಪು ಹಚ್ಚಿ. ಶೂಗೆ ಎಣ್ಣೆ ತಾಗಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಎದುರಿಗೆ ಲಾರಿ ಬಂದರೆ ಕಥೆ ಮುಗಿಯಿತು.

ಸುಮಂಗಲಾ ದೇವದುರ್ಗದ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳಪ್ಪ ಮಲ್ಲಯ್ಯ ಮಾನ್ವಿಯಲ್ಲೇ ಆಯುಷ್ಯವಿಡೀ ತನ್ನ ಅಂಬಾಸಿಡರನ್ನು ಬಾಡಿಗೆಗೆ ಓಡಿಸಿದ. ಒಂದೊಂದು ಸೀಟಿಗೂ ಗಿರಾಕಿ ಕೂತರೇ ಒಲೆ ಉರಿಯುತ್ತಿದ್ದ ಮನೆ. ಹೆಂಡತಿ ಗೋಪಮ್ಮ ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಈಗ ಮಲ್ಲಯ್ಯ ಇಲ್ಲ. ಭಾನುವಾರ ಮಗಳೇ ಕಾರು ಓಡಿಸಿಕೊಂಡು ತಾಯಿಯನ್ನು ತವರೂರು ಬಾಗಲವಾಡಕ್ಕೆ ಕರೆದೊಯ್ಯುವವಳಿದ್ದಳು. ಅದಕ್ಕೆಂದೇ ಶನಿವಾರ ಬ್ರೇಕಿನ ಕೆಲಸ. ಗೋಪಮ್ಮನಿಗೆ ಎಷ್ಟು ಖುಷಿಯೆಂದರೆ, ಮಿಸ್ತ್ರಿಗೆ ಮಂಡಕ್ಕಿಯ ಮಂಡಾಳು, ಎಣ್ಣೆಯಲ್ಲಿ ಕರಿದ ಮಿರ್ಚಿ ಕಳಿಸಿದಳು. ಸಾಬರು ತಿಂದರು, ಎಂದಿಲ್ಲದಂತೆ ಬಾಯ್ತುಂಬ ಹೊಗಳಿದರು, ಮತ್ತೆ ಕೆಲಸಕ್ಕೆ ಕೂತರು. ಸಂಜೆ ಓಡಿಸಿ ನೋಡಿದಾಗ ಗಾಡಿ ನೆಟ್ಟಗೇ ನಿಂತಿತು.

ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದ ಸಾಬರು ಕೈ ತೊಳೆಯುವ ಜಾಗದತ್ತ ನೋಡಿದರು. ಹಳೆಯದು ಮುಗಿದಿತ್ತೆಂದು ನಿನ್ನೆ ತಂದಿಟ್ಟಿದ್ದ ಹೊಸ ಸೋಪು ಕಾಗದದ ಸಮೇತ ಹಾಗೇ ಕೂತಿತ್ತು. ಅಂದರೆ ಮಿರ್ಚಿ ತಿಂದ ಕೈಯಲ್ಲೇ ಶೂ ಕೂರಿಸಿದ್ದಾಗಿತ್ತು. ಸುಮಂಗಲಾಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸು ಒಮ್ಮೆ ಪಿಸುಗುಟ್ಟಿತು. ಅದಕ್ಕೆ ಛೀಮಾರಿ ಹಾಕಿ, ಮೊಪೆಡ್ಡಿಗೆ ಜಾಕು, ಹೊಸ ಶೂ ಕಟ್ಟಿಕೊಂಡು ಹೊರಟರು.

ಕಾರು ಗೋಪಮ್ಮನ ಮನೆಯ ಮುಂದೆ ಹೊರಟು ನಿಂತಿತ್ತು. ಗೋಪಮ್ಮ ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ಓಣಿಯೆಲ್ಲ ನೋಡುತ್ತಿತ್ತು.

"ಅಕ್ಕಾರ, ಇಳೀರಿ," ಎಂದರು ಸಾಬರು. "ನನ್ನಿಂದ ತಪ್ಪಾಗ್ಯದ. ಎಣ್ಣಿ ಕೈಲೆ ಶೂ ಮುಟ್ಟೀನಿ."

"ನಿನ್ನಿ ಚಲೋ ನಿಂತಿತ್ತಲ್ರೀ," ಎಂದಳು ಸುಮಂಗಲಾ.

"ನಿನ್ನಿ ಡ್ರಮ್ ಕಾದಿದ್ದಿಲ್ರೀ ಮೇಡಂ. ದೂರ ಓಡಿ ಕಾದ್ರ ಎಣ್ಣಿ ಹರಡಿ ಗಾಡಿ ಎಳೀತದ."

ಓಣಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಸಾಬರು ಆ ಕಡೆ ನೋಡದೆ ಜಾಕು ಏರಿಸಿದರು. ಗಾಲಿ ಬಿಚ್ಚಿ ಡ್ರಮ್ ಎಳೆದರು. ಶೂ ಮೇಲೆ ಎರಡು ಬೆರಳಿನ ಜಿಡ್ಡು ಕಪ್ಪಗೆ ಕೂತಿತ್ತು. ಅದನ್ನು ಮುಚ್ಚಿಡದೆ ತಾಯಿ ಮಗಳಿಬ್ಬರಿಗೂ ತೋರಿಸಿದರು. ಅವರದೇ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದು ಹೊಸ ಶೂ ಹಾಕಿದರು. ಟ್ರಯಲ್ ನೋಡಲು ಸ್ಟೀರಿಂಗ್ ಹಿಡಿದಾಗ ಗೋಪಮ್ಮ ಮತ್ತೆ ಹತ್ತಿ ಪಕ್ಕದಲ್ಲಿ ಕೂತುಬಿಟ್ಟಳು.

"ಮೊದಲ ನಾ ಒಬ್ಬನ ನೋಡಿ ಬರ್ತೀನ್ರಿ, ಅಕ್ಕಾರ."

"ನಾ ಇಳಿಯಂಗಿಲ್ಲ," ಎಂದಳು ಗೋಪಮ್ಮ. "ಬ್ರೇಕ್ ಹೆಂಗದಾವೋ ನಂಗ ತಿಳಿಯಂಗಿಲ್ಲ, ಸಾಬ್ರ. ನೀವು ಹೆಂಗದೀರಿ ಅನ್ನೂದು ಈಗ ತಿಳೀತು. ನಡೀರಿ."

ಸಾಬರು ಅವಳ ಕಡೆಯ ಬಾಗಿಲು ಭದ್ರವಾಗಿದೆಯೇ ಎಂದು ಎಳೆದು ನೋಡಿದರು. ಮಲ್ಲಯ್ಯನ ಹೆಂಡತಿಯ ಮೊದಲ ಸವಾರಿಗೆ ತಾವೇ ಗೇರು ಹಾಕಿದರು.