ಉಲ್ಟಾ ಹೇಳದ ಹುಡುಗಿ

“ದೊಡ್ಡಮ್ಮ, ನೀವು ಫೇಲ್” ಎಂದಳು ಮೇಘನಾ.

ಎಂ.ಎ. ಓದಿದವಳು ನಾನು. ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವವಳು. (ನೀವು ಕೇಳುವುದಿಲ್ಲ, ಅದು ಬೇರೆ ವಿಷಯ.) ಅಂಥವಳನ್ನು ಸ್ವಂತ ತಂಗಿಯ ಮಗಳು, ಇನ್ನಂಜೆಯ ನನ್ನದೇ ಮನೆಯ ಚಾವಡಿಯಲ್ಲಿ ಕೂರಿಸಿ ಫೇಲ್ ಮಾಡಿದರೆ ಹೇಗಾಗಬೇಡ? ಆಕೆ ಕೊಟ್ಟ ಪರೀಕ್ಷೆಯಾದರೂ ಏನು? ಒಂದಷ್ಟು ಅಂಕೆ ಹೇಳುತ್ತಾಳೆ. ನಾನು ಅದನ್ನು ಕೊನೆಯಿಂದ ಮೊದಲಿಗೆ ಹೇಳಬೇಕು. ಮೊದಮೊದಲು ಬಂತು. ಅಂಕೆಗಳು ಹೆಚ್ಚಿದ ಮೇಲೆ ನನ್ನ ಬಾಯಿಂದ ಬಂದದ್ದು ಗ್ಯಾಸಿನವನ ಫೋನ್ ನಂಬರು.

ಮೇಘನಾ ಮಣಿಪಾಲದಲ್ಲಿ ಸೈಕಾಲಜಿಸ್ಟ್. ಮಕ್ಕಳ ನೆನಪು, ಗಮನ, ಕೈಯ ಚುರುಕು ಇವನ್ನೆಲ್ಲ ಅಳೆಯುವ ಕೆಲಸ. ಅದರಲ್ಲೂ ಹುಟ್ಟಿನಿಂದಲೇ ಎಚ್‌ಐವಿ ಇರುವ ಮಕ್ಕಳದ್ದು. ಇಂಥ ಮಕ್ಕಳು ಇಂದು ದಿನಾ ಮಾತ್ರೆ ತೆಗೆದುಕೊಂಡು ಎಲ್ಲರಂತೆ ಬೆಳೆಯುತ್ತಾರೆ, ಆಡುತ್ತಾರೆ, ಜಗಳವಾಡುತ್ತಾರೆ. ಆದರೆ ಕೆಲವರಿಗೆ ಕಲಿಕೆಯಲ್ಲಿ ಎಲ್ಲೋ ಒಂದು ಕಡೆ ಸಣ್ಣ ತೊಡಕು ಉಳಿಯಬಹುದಂತೆ. ಅದನ್ನು ಬೇಗ ಹಿಡಿದರೆ ಸಹಾಯ ಮಾಡಬಹುದು.

ಸರಿ, ಅಳೆಯುವುದು ಯಾವುದರಿಂದ? ಪರೀಕ್ಷೆಗಳೆಲ್ಲ ಯಾವುದೋ ದೇಶದವು. ಹಿಮದ ಮೇಲೆ ಜಾರುವ ಗಾಡಿಯ ಚಿತ್ರ ತೋರಿಸಿ “ಇದೇನು?” ಎಂದರೆ ಎರ್ಮಾಳಿನ ಹುಡುಗನೊಬ್ಬ “ಕಾಲು ಮುರಿದ ಮಣೆ” ಎಂದನಂತೆ. ತಪ್ಪು ಅವನದ್ದೋ, ಚಿತ್ರದ್ದೋ? ಅಂಥ ಚಿತ್ರಗಳನ್ನು ತೆಗೆದು ಮೇಘನಾ ಮತ್ತು ಅವಳ ಜೊತೆಯವರು ನಮ್ಮ ಕಡೆಯ ಚಿತ್ರಗಳನ್ನು ಹಾಕುತ್ತಿದ್ದಾರೆ. ಕನ್ನಡವನ್ನು ತಿದ್ದಲು ನನ್ನನ್ನು ಕರೆದರು. (ಸಂಬಳವಿಲ್ಲ, ಟೀ ಉಂಟು.)

ನನ್ನ ಕೈಗೆ ಬಂದ ಹಾಳೆಯಲ್ಲಿ ಹೀಗಿತ್ತು: “ಅಂಕೆಗಳನ್ನು ಹಿಮ್ಮುಖ ಕ್ರಮದಲ್ಲಿ ಪುನರುಚ್ಚರಿಸು.” ಇದನ್ನು ಕೇಳಿದರೆ ಮಗುವಿನ ಮಾತು ಹಾಗಿರಲಿ, ನಾನೇ ಎದ್ದು ಓಡಿಯೇನು! ಮೇಘನಾ ಪೆನ್ನು ತೆಗೆದು ಹೊಡೆದುಹಾಕಿ ಬರೆದಳು: “ಉಲ್ಟಾ ಹೇಳು.” ಎಲ್ಲರೂ ಮೆಚ್ಚಿದೆವು. ಉಲ್ಟಾ ಎಂದರೆ ಯಾವ ಮಗುವಿಗೆ ಗೊತ್ತಿಲ್ಲ?

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಫಜೀತಿಯಾದದ್ದೇ ಅದರಿಂದ.

ಮಾತು ಮಕ್ಕಳಿಗೆ ಹೇಗೆ ಕೇಳಿಸುತ್ತದೆಂದು ನೋಡಲು ಒಂದು ದಿನ ನಾನೂ ಆ ಕೋಣೆಯ ಮೂಲೆಯಲ್ಲಿ ಕುಳಿತೆ, ಮನೆಯವರ ಒಪ್ಪಿಗೆ ಪಡೆದು. ಆ ದಿನ ಬಂದವಳನ್ನು ಶ್ರಾವ್ಯ ಎಂದು ಕರೆಯೋಣ. ಕಾರ್ಕಳ ಕಡೆಯವಳು ಎಂದಿಟ್ಟುಕೊಳ್ಳೋಣ. ಆರನೇ ಕ್ಲಾಸು. ಎರಡು ಜಡೆ, ಕಾಲಿಗೆ ಒಂದು ನಂಬರ್ ದೊಡ್ಡ ಚಪ್ಪಲಿ. ಅಮ್ಮ ಇಲ್ಲ. ಸಾಕುತ್ತಿರುವವರು ಅಜ್ಜಿ ಗಿರಿಜಕ್ಕ. (ಈ ಹೆಸರೂ ನಾನಿಟ್ಟದ್ದು. ಬರೆಯಲು ಅವರು ಒಪ್ಪಿದ್ದಾರೆ, “ನನ್ನನ್ನು ಸ್ವಲ್ಪ ಚಂದ ಮಾಡಿ ಬರೀರಿ” ಎಂಬ ಷರತ್ತಿನ ಮೇಲೆ.)

ಗಿರಿಜಕ್ಕನಿಗೆ ಒಂದೇ ಚಿಂತೆ. ಶ್ರಾವ್ಯ ನಿಧಾನ, ಬರೆದು ಮುಗಿಸುವುದಿಲ್ಲ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ದೂರದಲ್ಲೊಂದು ಬುದ್ಧಿಮಾಂದ್ಯ ಮಕ್ಕಳ ಹಾಸ್ಟೆಲ್ ಶಾಲೆ ಇದೆ, ಅಲ್ಲಿ ಸೇರಿಸಿ ಎಂಬ ಸಲಹೆಯೂ ಬಂದಿತ್ತು. ಅವಳ ಕಾಯಿಲೆಯ ವಿಷಯ ಶಾಲೆಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಈ ಪರೀಕ್ಷೆಯ ರಿಪೋರ್ಟ್ ನೋಡಿಯೇ ತೀರ್ಮಾನ ಎಂದಾಗಿತ್ತು.

“ಹಾಸ್ಟೆಲಿಗೆ ಹಾಕಿದ್ರೆ ದಿನಾ ಮಾತ್ರೆ ಯಾರು ಕೊಡುದು, ಮೇಡಂ?” ಎಂದು ಗಿರಿಜಕ್ಕ ನನ್ನಲ್ಲಿ ಕೇಳಿದರು. “ಇವಳು ಇಲ್ಲದೆ ನಾನು ಎಂತ ಮಾಡುದು?”

ಒಳಗೆ ಮೊದಲಿನದ್ದೆಲ್ಲ ಸಲೀಸಾಗಿ ನಡೆಯಿತು. ಚಿತ್ರ ಗುರುತಿಸಿದಳು, ಕಥೆ ಕೇಳಿ ಮರುಹೇಳಿದಳು. ಅಂಕೆಗಳನ್ನು ಕೇಳಿದಂತೆಯೇ ಒಪ್ಪಿಸಿದಳು, ನನಗಿಂತ ಚೆನ್ನಾಗಿ. ಆಮೇಲೆ ಮೇಘನಾ ಹೇಳಿದಳು, “ಈಗ ನಾನು ಹೇಳಿದ್ದಕ್ಕೆ ನೀನು ಉಲ್ಟಾ ಹೇಳು. ಎರಡು, ಒಂಬತ್ತು.”

ಶ್ರಾವ್ಯ ತಲೆ ತಗ್ಗಿಸಿದಳು.

“ಹೇಳು ಪುಟ್ಟಾ. ಉಲ್ಟಾ ಹೇಳು.”

ಮೇಘನಾ ತಾನೇ ಒಂದು ಉದಾಹರಣೆ ಹೇಳಿ ತೋರಿಸಿದಳು. ಹುಡುಗಿ ಚಪ್ಪಲಿಯ ತುದಿ ನೋಡುತ್ತಾ ಕುಳಿತಳು. ಕಣ್ಣು ತುಂಬಿತು. ಮೇಘನಾ ಸಣ್ಣಗೆ ಉಸಿರುಬಿಟ್ಟು ಸೊನ್ನೆ ಬರೆದುಕೊಂಡಳು. ಮನಸ್ಸಿನಲ್ಲಿ ಅಂಕೆಗಳನ್ನು ಹಿಡಿದು ತಿರುಗಿಸುವ ಶಕ್ತಿಯನ್ನು ಅಳೆಯುವ ಭಾಗ ಅದು. ಅಲ್ಲಿ ಸೊನ್ನೆ ಎಂದರೆ ಸಣ್ಣ ವಿಷಯವಲ್ಲ.

ಮಧ್ಯಾಹ್ನ ನಾನು, ಗಿರಿಜಕ್ಕ, ಶ್ರಾವ್ಯ ಕ್ಯಾಂಟೀನಿಗೆ ಹೋದೆವು. ಶ್ರಾವ್ಯ ಒಂದು ಬನ್ಸ್ ತಿಂದು ಮುಗಿಸಿದಳು. ಗಿರಿಜಕ್ಕ ತಮ್ಮ ಪ್ಲೇಟಿನದ್ದನ್ನೂ ಅವಳ ಮುಂದೆ ಸರಿಸಿದರು.

“ಬೇಡ ಅಜ್ಜಿ. ಬಸ್ಸಲ್ಲಿ ವಾಂತಿ ಬರ್ತದೆ.”

“ಉಲ್ಟ ಪಾತೆರಡ!” ಎಂದು ಗಿರಿಜಕ್ಕ ತುಳುವಿನಲ್ಲಿ ಗದರಿಸಿದರು. ಉಲ್ಟಾ ಮಾತಾಡಬೇಡ ಎಂದು. ನಮ್ಮೂರಿನ ಪ್ರತಿ ಮಗು ಎದೆಹಾಲಿನ ಜೊತೆಗೇ ಕೇಳಿಸಿಕೊಳ್ಳುವ ಮಾತು. ದೊಡ್ಡವರಿಗೆ ಎದುರುತ್ತರ ಕೊಡಬೇಡ ಎಂದರ್ಥ.

ಶ್ರಾವ್ಯಳಿಗೆ ಅಳುವೇ ಬಂತು. “ನಾನು ಉಲ್ಟಾ ಹೇಳುದಿಲ್ಲ ಅಜ್ಜಿ. ಒಳಗೆ ಆ ಅಕ್ಕ ಹೇಳು ಹೇಳು ಅಂದ್ರೂ ನಾನು ಹೇಳ್ಲಿಲ್ಲ. ಬೇಕಾದ್ರೆ ಕೇಳಿ.”

ನನ್ನ ಬನ್ಸ್ ಬಾಯಿಯ ಹತ್ತಿರ ನಿಂತುಬಿಟ್ಟಿತು.

ಅಯ್ಯೋ ದೇವರೇ! ಹುಡುಗಿಗೆ ಬರದೇ ಇದ್ದದ್ದಲ್ಲ. ಮರ್ಯಾದೆ ಉಳಿಸಿಕೊಂಡು ಕುಳಿತಿದ್ದಳು!

ಗಿರಿಜಕ್ಕನ ಮುಖ ಸಣ್ಣದಾಯಿತು. “ಆಸ್ಪತ್ರೆಯಲ್ಲಿ ಯಾರಿಗೂ ಉಲ್ಟಾ ಮಾತಾಡ್ಬಾರ್ದು ಅಂತ ನಾನೇ ಹೇಳಿದ್ದು, ಮೇಡಂ. ಮಗಳು ಹೋದಾಗಿಂದ ಹೇಳ್ತಾ ಬಂದಿದ್ದೇನೆ. ಅವರಿಗೆ ಸಿಟ್ಟು ಬಂದು ಇವಳಿಗೆ ಮಾತ್ರೆ ಕೊಡದಿದ್ರೆ?”

ಹಾಗೆ ಯಾರೂ ಮಾತ್ರೆ ನಿಲ್ಲಿಸುವುದಿಲ್ಲ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಮಗಳನ್ನು ಕಳೆದುಕೊಂಡವರಿಗೆ ನನ್ನ ಮಾತು ಎಷ್ಟರ ಮಟ್ಟಿನದು? ನನಗೆ ದುಃಖ ತಡೆಯಲಾಗಲಿಲ್ಲ. ಟೀ ಬಿಸಿ ಇದೆ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಟೀ ಅರ್ಧಕ್ಕೇ ಬಿಟ್ಟು ಮೇಘನಾಳ ಕೋಣೆಗೆ ಓಡಿದೆ. “ಆ ಸೊನ್ನೆ ಹೊಡೆದುಹಾಕು!” ಎಂದೆ. ಆಕೆ ಪೂರ್ತಿ ಕೇಳಿ ಹಣೆಗೆ ಕೈಯಿಟ್ಟುಕೊಂಡಳು.

“ಛೆ! ನಂಗೆ ಹೊಳೆಯಲೇ ಇಲ್ಲ ಮಾರಾಯ್ರೆ. ಆದ್ರೆ ಸುಮ್ನೆ ಹೊಡೆದುಹಾಕ್ಲಿಕ್ಕೆ ಆಗುದಿಲ್ಲ, ದೊಡ್ಡಮ್ಮ. ಪರೀಕ್ಷೆಗೆ ಒಂದು ಕ್ರಮ ಉಂಟು.”

“ಕ್ರಮವಂತೆ ಕ್ರಮ! ಮಗುವನ್ನು ಊರು ಬಿಡಿಸುತ್ತೀಯಾ?”

“ಪಾಪ ಅಂತ ನಾನು ಮಾರ್ಕ್ಸ್ ಹಾಕಿದ್ರೆ ಅವಳಿಗೆ ನಿಜವಾಗಿ ಎಲ್ಲಿ ಕಷ್ಟ ಅಂತ ಗೊತ್ತಾಗುದು ಹೇಗೆ? ಅದೂ ಅನ್ಯಾಯವೇ ಅಲ್ವಾ?”

ನಾನು ಬಾಯಿ ಮುಚ್ಚಿದೆ. (ಅಪರೂಪ. ಮನೆಯವರು ಈ ಸಾಲನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.) ಮೇಘನಾ ತನ್ನ ಹಿರಿಯರೊಂದಿಗೆ ಮಾತಾಡಿದಳು. ಶ್ರಾವ್ಯ ಮಾತ್ರೆಗೆಂದು ಮುಂದಿನ ಸಲ ಬಂದಾಗ ಆ ಭಾಗವನ್ನು ಬೇರೆ ಅಂಕೆಗಳಿಂದ, ಬೇರೆ ಮಾತಿನಲ್ಲಿ ಮತ್ತೆ ಮಾಡುವುದೆಂದು ನಿಶ್ಚಯವಾಯಿತು. ಅಷ್ಟರವರೆಗೆ ರಿಪೋರ್ಟ್ ಇಲ್ಲ.

ಬೇರೆ ಮಾತು ಯಾವುದು? ‘ತಿರುಗಿಸಿ ಹೇಳು’ ಅಂದರೆ ಅದೂ ಎದುರುತ್ತರವೇ. ‘ಹಿಂದೆ ಹೇಳು’ ಅಂದರೆ ಬೆನ್ನ ಹಿಂದೆ ಚಾಡಿ ಹೇಳಿದ ಹಾಗೆ. ನಾನೂ ಮೇಘನಾಳೂ ಫೋನಿನಲ್ಲಿ ಜಗಳವಾಡಿದೆವು. ಕೊನೆಗೆ ಹೊಳೆದದ್ದು ಬಸ್ಸು. ಮಕ್ಕಳೆಲ್ಲ ಬಸ್ಸಿನಲ್ಲೇ ಬರುವವರು ತಾನೇ?

ಶ್ರಾವ್ಯ ಬಂದಳು. ನಾನೂ ಮತ್ತೆ ಮೂಲೆ ಹಿಡಿದೆ. ಗಿರಿಜಕ್ಕ ಬಾಗಿಲಿನವರೆಗೆ ಬಂದು ಮೊಮ್ಮಗಳ ಕೆನ್ನೆ ಮುಟ್ಟಿ, “ಇವತ್ತು ಅಕ್ಕ ಕೇಳಿದ್ದಕ್ಕೆಲ್ಲ ಹೇಳು. ನಾನು ಬೈಯುದಿಲ್ಲ” ಎಂದರು.

“ಇಲ್ಲಿಗೆ ಬರುವಾಗ ಬಸ್ಸು ಎಲ್ಲೆಲ್ಲಿ ನಿಲ್ತದೆ?” ಎಂದು ಮೇಘನಾ ಕೇಳಿದಳು.

“ಕುಕ್ಕುಂದೂರು, ಬೈಲೂರು, ಹಿರಿಯಡಕ, ಪರ್ಕಳ, ಮಣಿಪಾಲ.” ಪಕ್ಕಾ ಕಂಡಕ್ಟರನ ರಾಗ.

“ಮನೆಗೆ ಹೋಗುವಾಗ?”

“ಮಣಿಪಾಲ, ಪರ್ಕಳ, ಹಿರಿಯಡಕ, ಬೈಲೂರು, ಕುಕ್ಕುಂದೂರು... ರೈಟ್!”

“ಹಾಗೇ ಈಗ ಅಂಕೆಗಳು. ನಾನು ಹೇಳುದು ಬರುವ ಬಸ್ಸು. ನೀನು ಹೇಳುದು ಹೋಗುವ ಬಸ್ಸು. ಏಳು, ಮೂರು, ಆರು.”

“ಆರು, ಮೂರು, ಏಳು.”

ಬಸ್ಸು ಹೊರಟಿತು ನೋಡಿ! ಮೇಘನಾ ಅಂಕೆ ಹೆಚ್ಚಿಸುತ್ತಾ ಹೋದಳು. ಹುಡುಗಿ ಕಣ್ಣು ಮುಚ್ಚಿ, ಬೆರಳಲ್ಲಿ ಮೇಜು ತಟ್ಟಿ, ಹೇಳುತ್ತಾ ಹೋದಳು. ನಾನು ಫೇಲಾದ ಜಾಗಕ್ಕೆ ಬಂದಾಗ ಆಕೆಯೂ ಎಡವಿದಳು. (ಸತ್ಯ ಹೇಳುತ್ತೇನೆ, ನನಗೆ ಸ್ವಲ್ಪ ಸಮಾಧಾನವಾಯಿತು.) ಅವಳ ವಯಸ್ಸಿಗೆ ಅಷ್ಟು ಧಾರಾಳವಂತೆ.

ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಶ್ರಾವ್ಯಳ ಕೈ ನಿಜವಾಗಿಯೂ ನಿಧಾನ. ನೋಡಿ ಬರೆಯಲು ಉಳಿದವರಿಗಿಂತ ಹೊತ್ತು ಬೇಕು. ಮೇಘನಾ ಅದನ್ನು ಅಡಗಿಸಲಿಲ್ಲ. ನೆನಪು, ಗ್ರಹಿಕೆ ಚೆನ್ನಾಗಿವೆ, ಬರೆಯಲು ಹೆಚ್ಚು ಸಮಯ ಕೊಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಇದೇ ಶಾಲೆಯಲ್ಲಿ ಓದಲಿ ಎಂದು ಬರೆದುಕೊಟ್ಟಳು. ಕಾಯಿಲೆಯ ಹೆಸರು ಅದರಲ್ಲಿಲ್ಲ. ಶಾಲೆಯ ಟೀಚರ್ ಓದಿ, “ಇಷ್ಟೇ ಆದ್ರೆ ಕೊಡುವ, ಅದಕ್ಕೇನಂತೆ” ಎಂದರಂತೆ. ಹಾಸ್ಟೆಲ್ ಶಾಲೆಯ ಮಾತು ಮತ್ತೆ ಬಂದಿಲ್ಲ. ಬರುವ ಜೂನಿನಲ್ಲಿ ಅವಳು ಗೆಳತಿಯರ ಜೊತೆಗೇ ಏಳನೇ ಕ್ಲಾಸಿಗೆ ಹೋಗುತ್ತಾಳೆ.

ಪರೀಕ್ಷೆಯ ಹಾಳೆಯಲ್ಲೂ ಈಗ ಬಸ್ಸು ಬಂದಿದೆ. ಆದರೂ ನನಗೆ ಕೊರೆಯುವುದು ಒಂದೇ. ದೊಡ್ಡವರೆದುರು ಉಲ್ಟಾ ಹೇಳಬೇಡ ಎಂದು ಮಕ್ಕಳಿಗೆ ಕಲಿಸುವವರು ನಾವು. ಹೇಳಲಿಲ್ಲವೆಂದು ಸೊನ್ನೆ ಕೊಡುವವರೂ ನಾವೇ. ಆಸ್ಪತ್ರೆಯ ಕೋಣೆಯಲ್ಲಿ ಮಾತ್ರವೇ? ಮನೆಯಲ್ಲಿ, ಕ್ಲಾಸಿನಲ್ಲಿ ಸುಮ್ಮನೆ ಕೂರುವ ಎಷ್ಟು ಮಕ್ಕಳನ್ನು ಹೀಗೆ ಪೆದ್ದರೆಂದು ಎಣಿಸಿದ್ದೇವೋ!

ಮೊನ್ನೆ ಗಿರಿಜಕ್ಕ ಫೋನ್ ಮಾಡಿದ್ದರು. ದೂರು ಹೇಳಲು.

“ನೀವೆಲ್ಲ ಸೇರಿ ಇವಳನ್ನು ಹಾಳು ಮಾಡಿದ್ರಿ, ಮೇಡಂ! ಈಗ ಎಲ್ಲದಕ್ಕೂ ಉಲ್ಟಾ ಹೇಳ್ತಾಳೆ. ನಿನ್ನೆ ‘ಮಾತ್ರೆ ತಗೊಂಡ್ಯಾ?’ ಅಂತ ಕೇಳಿದೆ. ‘ನಂದು ಆಯ್ತು. ನಿಮ್ಮ ಬೀಪಿಯದ್ದು ತಗೊಂಡ್ರಾ?’ ಅಂತ ನನ್ನನ್ನೇ ಕೇಳ್ತಾಳೆ!”

“ತಗೊಂಡಿದ್ರಾ?” ಎಂದೆ.

ಆಚೆ ಕಡೆಯಿಂದ ನಗು. “ಇಲ್ಲ ಮಾರಾಯ್ರೆ, ಮರೆತೇಹೋಗಿತ್ತು!”

ಈ ಉಲ್ಟಾ ಮಾತಿಗೆ ಎಷ್ಟು ಮಾರ್ಕ್ಸ್ ಕೊಡೋಣ, ನೀವೇ ಹೇಳಿ?