ಗೋಡೆಯಾಚೆಯ ಕಲ್ಯಾಣ ಸ್ಟೇಷನ್

ಹುಮನಾಬಾದ್ ತಾಲೂಕಿನ ಹುಡಗಿ ಊರಿನಲ್ಲಿ ನಮ್ಮ ಓಣಿಯ ತುಳಜಾರಾಮನಿಗೆ ರೈಲಿನ ಮೇಲಿರುವ ಪ್ರೀತಿ ರೈಲ್ವೆ ಇಲಾಖೆಗೂ ಇರಲಿಕ್ಕಿಲ್ಲ. ಆದರೆ ಅವನು ಇವತ್ತಿನವರೆಗೆ ಒಮ್ಮೆಯೂ ರೈಲು ಹತ್ತಿಲ್ಲ. ಹುಮನಾಬಾದಿಗೆ ಹೊಸದಾಗಿ ರೈಲು ಬಂದಾಗ ಊರಿಗೆ ಊರೇ ಹೋಗಿ ಹತ್ತಿ, ಕಲಬುರಗಿ ನೋಡಿಕೊಂಡು ಬಂತು. ಇವನು ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದ. ಯಾಕಪ್ಪಾ ಅಂತ ಕೇಳಿದೆ.

"ಒಳಗ ಕುಂತ್ರ ರೈಲ್ ಎಲ್ಲಿ ಕಾಣ್ತದ್ರಿ ಕಾಕಾ? ಬರೇ ಹೊಲ ಕಾಣ್ತಾವ. ಹೊಲ ನಂದೂ ಅದ" ಎಂದ.

ರೈಲನ್ನು ದಿನವೂ ನೋಡಬೇಕು. ಹೊಲ ಬಿಟ್ಟು ದಿನವೂ ಹುಮನಾಬಾದಿಗೆ ಹೋಗುವಂತಿಲ್ಲ. ಹಾಗಾಗಿ ರೈಲನ್ನೇ ಮನೆಗೆ ತರುವುದೆಂದು ತೀರ್ಮಾನಿಸಿದ. ಹಳಿಗೆ ಸಾಮಾನಿನ ಪೆಟ್ಟಿಗೆಗೆ ಬಿಗಿಯುವ ಕಬ್ಬಿಣದ ಪಟ್ಟಿ. ಹಳಿಯ ಕೆಳಗೆ ಅಡ್ಡಲಾಗಿ ತೊಗರಿ ಕಟ್ಟಿಗೆಯ ತುಂಡು. ಬೋಗಿಗಳಿಗೆ ಎಣ್ಣೆ ಡಬ್ಬದ ತಗಡು, ಗಾಲಿಗೆ ಸೋಡಾ ಬಾಟಲಿಯ ಮುಚ್ಚಳ. ಇಂಜಿನ್ನಿಗೆ ಹುಮನಾಬಾದಿನ ರಿಪೇರಿ ಅಂಗಡಿಯ ಜಲಾಲುದ್ದೀನ್ ಒಂದು ಸತ್ತ ಟೇಪ್‌ರೆಕಾರ್ಡರಿನ ಹೊಟ್ಟೆ ಸೀಳಿ ಮೋಟಾರ್ ತೆಗೆದುಕೊಟ್ಟ. ಇನ್ನು ಕರೆಂಟು? ಬೆಳೆಗೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಇದ್ದೇ ಇತ್ತು. ಅದು ರೈಲಿನ ಸೇವೆಗೆ ವರ್ಗವಾದ ಮೇಲೆ ಆ ವರ್ಷ ತುಳಜಾರಾಮನ ತೊಗರಿಗೆ ಔಷಧಿಯೇ ಇಲ್ಲ. ಕಾಯಿಕೊರಕ ಹುಳುಗಳು ಎಷ್ಟು ದಪ್ಪಗಾದವೆಂದರೆ, ಕಾಗೆಗಳು ಆ ಹೊಲಕ್ಕೆ ಒಂಟಿಯಾಗಿ ಇಳಿಯಲು ಹೆದರುತ್ತಿದ್ದವು.

ರೈಲು ಪಡಸಾಲೆಯಲ್ಲಿ ಹರಡಿತು. ದಿಕ್ಕಿನ ವಿಷಯದಲ್ಲಿ ತುಳಜಾರಾಮ ಬಹಳ ಕಟ್ಟುನಿಟ್ಟು. ಮೊಬೈಲಿನಲ್ಲಿ ದಿಕ್ಕು ನೋಡಿಯೇ ಹಳಿ ಹಾಕುವವನು. ಈಶಾನ್ಯದ ಮೂಲೆಯಲ್ಲಿ, ದೇವರ ಜಗಲಿಯ ಕೆಳಗೆ, ಬೀದರ. ನೈಋತ್ಯದಲ್ಲಿ, ಜೋಳದ ಚೀಲಗಳ ಪಕ್ಕ, ಕಲಬುರಗಿ. ನಟ್ಟನಡುವೆ ಹುಮನಾಬಾದ್. ಮರಗುತ್ತಿಯ ಸುರಂಗಕ್ಕೆ ಒಂದು ಒಡೆದ ಗಡಿಗೆ. ಮನೆಗೆ ಬಂದವರು ಗೋಡೆ ಹಿಡಿದುಕೊಂಡು ನಡೆಯಬೇಕು. ದಾರಿಯಲ್ಲಿ ಬರುವ ಕಮಲಾಪುರ ಸ್ಟೇಷನ್ನನ್ನು ತುಳಿದವರಿಗೆ ಚಹಾ ಸಿಗುತ್ತಿರಲಿಲ್ಲ. ಅವನ ಸ್ವಂತ ಸೋದರಮಾವ ಕಮಲಾಪುರ ತುಳಿದು ನೀರೂ ಕುಡಿಯದೆ ಹೋಗಿದ್ದಾನೆ.

ಇದೆಲ್ಲವನ್ನೂ ಅವನ ಹೆಂಡತಿ ಸೋನುಬಾಯಿ ಸಹಿಸಿಕೊಂಡಿದ್ದಳು. ಅವಳ ತವರು ಬಸವಕಲ್ಯಾಣ. ದೀಪಾವಳಿ ಹತ್ತಿರ ಬಂದಿತ್ತು, ಮನೆಗೆ ಸುಣ್ಣ ಹಚ್ಚಬೇಕಿತ್ತು. ಬೀದರದ ಸುತ್ತ ಕಸ ಗುಡಿಸುತ್ತ ಒಂದು ಮುಂಜಾನೆ ಅವಳು ಕಸಬರಿಗೆ ನಿಲ್ಲಿಸಿದಳು.

"ಬೀದರಕ್ಕ ಹೋಗ್ತದ, ಕಲಬುರಗಿಗಿ ಹೋಗ್ತದ. ನನ್ನ ತವರಮನಿಗಿ ಯಾಕ ಹೋಗಲ್ರಿ ಇದು?"

"ಏ, ಕಲ್ಯಾಣಕ್ಕ ಖರೇನೇ ರೈಲ್ ಇಲ್ಲಲ್ಲ."

"ಖರೇ ಇದ್ದಲ್ಲಿ ಹೋಗಾಕ ಖರೇ ರೈಲ್ ಅದ. ಈ ಸುಳ್ಳ ರೈಲ್ ಮತ್ತ ಯಾತಕ್ಕದ?"

ತುಳಜಾರಾಮ ಬಗ್ಗಿ ಒಂದು ಬೋಗಿಯ ಗಾಲಿ ಒರೆಸತೊಡಗಿದ.

"ಹಬ್ಬದೊಳಗ ಕಲ್ಯಾಣಕ್ಕ ಹೋದ್ರ ಸರಿ. ಇಲ್ಲಂದ್ರ ಎಲ್ಲಾ ಕಿತ್ತು ಗುಜರಿಗಿ ಹಾಕಿ ಸುಣ್ಣ ಹಚ್ತೀನಿ" ಎಂದು ಹೇಳಿ ಅವಳು ಕಲಬುರಗಿಯ ಕಡೆ ಗುಡಿಸುತ್ತ ಹೋದಳು. ಸೋನುಬಾಯಿ ಹೇಳಿದ್ದನ್ನು ಮಾಡುವ ಹೆಂಗಸು. ಒಮ್ಮೆ ಅವನ ಸೈಕಲ್ಲನ್ನು ಹೀಗೇ ಗುಜರಿಗೆ ಹಾಕಿದ್ದಾಳೆ, ಅವನು ಅದರ ಮೇಲೆ ಕುಳಿತಿದ್ದಾಗಲೇ.

ತುಳಜಾರಾಮ ಅಳತೆ ಮಾಡಿದ. ಹುಮನಾಬಾದಿನಿಂದ ಪಶ್ಚಿಮಕ್ಕೆ ಅಳೆದರೆ ಬಸವಕಲ್ಯಾಣ ಅವನ ಮನೆಯಲ್ಲಿ ಬರುವುದೇ ಇಲ್ಲ. ಗೋಡೆ ದಾಟಿ, ನಮಗೂ ಅವನಿಗೂ ನಡುವಿನ ಮನೆಯಲ್ಲಿರುವ ಅಣ್ಣ ಶ್ರೀಮಂತನ ಪಡಸಾಲೆಯಲ್ಲಿ, ಅವನು ಊಟಕ್ಕೆ ಕೂಡುವ ಜಾಗದಲ್ಲಿ ಬರುತ್ತದೆ.

"ಅಡಿಗಿಮನಿ ಕಡಿ ತಿರುಗಿಸ್ರಿ. ಅದನ್ನೇ ಕಲ್ಯಾಣ ಅನ್ನೋಣು" ಎಂದಳು ಸೋನುಬಾಯಿ. ಅವಳೂ ತೀರಾ ಕಲ್ಲುಮನಸ್ಸಿನವಳಲ್ಲ.

"ಅಡಿಗಿಮನಿ ದಕ್ಷಿಣಕ್ಕದ. ಅಲ್ಲಿ ಹೋದ್ರ ಚಿತ್ತಾಪುರ ಬರ್ತದ. ಚಿತ್ತಾಪುರದಾಗ ನಿಮ್ಮವ್ರು ಯಾರದಾರ?"

ಇಲ್ಲಿ ಆ ಗೋಡೆಯ ಕಥೆ ಹೇಳಬೇಕು. ಅಣ್ಣತಮ್ಮಂದಿರು ಮನೆ ಹಂಚಿಕೊಂಡಾಗ ನಡುವೆ ಒಂದು ಗೋಡೆ ಎದ್ದಿತು. ಮನೆ ಸರಿಯಾಗಿ ಪಾಲಾಯಿತು, ಗೋಡೆ ಪಾಲಾಗಲಿಲ್ಲ. "ಅದು ನಿಂತದ್ದು ನನ್ನ ಜಾಗದಲ್ಲಿ, ಆದ್ದರಿಂದ ಗೋಡೆ ನನ್ನದು" ಎಂದು ಅಣ್ಣನೂ ಅಂದ, ತಮ್ಮನೂ ಅಂದ. ಅವತ್ತಿನಿಂದ ಮಾತು ನಿಂತಿತು. ತನ್ನ ಕಬ್ಜಾ ತೋರಿಸಲು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಅದಕ್ಕೆ ಮೊಳೆ ಹೊಡೆಯುತ್ತ ಬಂದರು. ಈಗ ಅದರಲ್ಲಿ ಮಣ್ಣಿಗಿಂತ ಕಬ್ಬಿಣವೇ ಹೆಚ್ಚು. ಬೇರೆಯವರ ಗೋಡೆ ಮಳೆಗೆ ನೆನೆಯುತ್ತದೆ, ಇದು ತುಕ್ಕು ಹಿಡಿಯುತ್ತದೆ.

ತೀರಾ ಅಗತ್ಯವಾದ ಮಾತನ್ನು ತುಳಜಾರಾಮ ತನ್ನ ಎಮ್ಮೆಗೆ ಗಟ್ಟಿಯಾಗಿ ಹೇಳುತ್ತಿದ್ದ. ಶ್ರೀಮಂತ ಅದರ ಉತ್ತರವನ್ನು ತನ್ನ ಎತ್ತಿಗೆ ಹೇಳುತ್ತಿದ್ದ. ಸಂಸಾರದ ಸಣ್ಣಪುಟ್ಟ ವಿಷಯಗಳು ಹೀಗೇ ನಡೆದುಹೋಗುತ್ತಿದ್ದವು. ಆದರೆ ರೈಲಿಗೆ ಭೂಮಿ ಪಡೆಯುವಂಥ ಮಾತು ಎಮ್ಮೆಗೆ ನಿಲುಕದ್ದು. ಅದಕ್ಕೆ ನನ್ನನ್ನು ಕರೆದರು.

ಕಷ್ಟ ಏನೆಂದರೆ, ಗೋಡೆಗೆ ತೂತು ಹಾಕಲು ಪರವಾನಗಿ ಕೇಳಿದರೆ ಗೋಡೆ ಅಣ್ಣನದೆಂದು ಒಪ್ಪಿಕೊಂಡ ಹಾಗೆ. ಕೇಳದಿದ್ದರೆ ರೈಲು ಗುಜರಿಗೆ. ಎರಡು ಮನೆಯ ನಡುವಿನ ಕಟ್ಟೆಯ ಮೇಲೆ ಆ ಕಡೆ ಅಣ್ಣ, ಈ ಕಡೆ ತಮ್ಮ, ನಡುವೆ ನಾನು. ಮೂವರ ಮೊಣಕಾಲೂ ಒಂದಕ್ಕೊಂದು ತಾಗುತ್ತಿದ್ದವು.

"ಕಾಕಾ, ಅವನಿಗಿ ಹೇಳ್ರಿ. ಗ್ವಾಡಿಗಿ ಒಂದ್ ತೂತ ಬೇಕಾಗ್ಯದ."

"ಯಾರ ಗ್ವಾಡಿಗಿ ಅಂತ ಕೇಳ್ರಿ ಕಾಕಾ" ಎಂದ ಶ್ರೀಮಂತ.

ಒಳಗೆ ಸೋನುಬಾಯಿ ಸುಣ್ಣದ ಬಕೆಟ್ಟನ್ನು ನೆಲಕ್ಕೆ ಕುಕ್ಕಿದ ಸಪ್ಪಳ ಬಂತು. ಆ ಸಪ್ಪಳಕ್ಕೆ ಕಟ್ಟೆಯ ಮೇಲಿನ ಬೆಕ್ಕು ಕೂಡ ಎದ್ದು ಹೋಯಿತು.

"ಅವಂದೇ ಗ್ವಾಡಿ ಅಂತ ಹೇಳ್ರಿ" ಎಂದ ತುಳಜಾರಾಮ.

"ಕೇಳಿಸ್ಲಿಲ್ಲ ಅಂತ ಹೇಳ್ರಿ."

"ಅವನಿಗೆ ಕೇಳಿಸಲಿಲ್ಲವಂತೆ" ಎಂದು ನಾನು ತಿಳಿಸಿದೆ.

"ನಿಂದೇ ಗ್ವಾಡಿ ಅಣ್ಣಾ! ನಿಂದೇ! ಮ್ಯಾಲಿನ ಹಂಚೂ ನಿಂದೇ! ಸಾಕೇನು?" ಎಂದು ತುಳಜಾರಾಮ ನನ್ನನ್ನು ದಾಟಿ ಒದರಿದ.

ಶ್ರೀಮಂತನ ಮುಖ ನೋಡುವ ಹಾಗಿತ್ತು. ಇಷ್ಟು ವರ್ಷ ಬೇಡಿದ್ದು ಕೈಗೆ ಬಂದಿತ್ತು, ಆದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದವನಂತೆ ಕುಳಿತುಬಿಟ್ಟ. ಬೀಡಿ ಹಚ್ಚಿದ. ಅದು ಆರಿದ್ದೂ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಮೊದಲ ಸಲ ತಮ್ಮನ ಕಡೆ ನೇರವಾಗಿ ತಿರುಗಿದ.

"ರೈಲಿಗಿ ಜಾಗ ಹೋದವ್ರಿಗಿ ನೌಕರಿ ಕೊಡ್ತಾರಂತ. ನನಗೇನ್ ಕೊಡ್ತಿ ತುಳಜ್ಯಾ?"

"ಏನ್ ಬೇಕು?"

"ಕಲ್ಯಾಣ ಸ್ಟೇಷನ್ ಮಾಸ್ತರ. ಪಕ್ಕಾ ನೌಕರಿ. ಟೆಂಪರ್ವರಿ ನಡ್ಯಂಗಿಲ್ಲ."

"ಪಕ್ಕಾ."

ಗೋಡೆಗೆ ಉಳಿ ಇಟ್ಟರು. ಮೊಳೆಗೆ ಬಡಿದು ಉಳಿ ಮುರಿಯಿತು. ಇನ್ನೊಂದು ತಂದರು, ಅದೂ ಡೊಂಕಾಯಿತು. ಕೊನೆಗೆ ಇಕ್ಕಳ ಹಿಡಿದು ಅಣ್ಣ ತಾನು ಹೊಡೆದ ಮೊಳೆ ಕಿತ್ತ, ತಮ್ಮ ತಾನು ಹೊಡೆದದ್ದು ಕಿತ್ತ. ಯಾರ ಮೊಳೆ ಯಾವುದು ಎಂಬ ಜಗಳದಲ್ಲಿ ಒಂದು ಮಧ್ಯಾಹ್ನ ಹೋಯಿತು. ಅಷ್ಟರಲ್ಲಿ ತೂತು ತಾನಾಗಿಯೇ ಬಿದ್ದಿತ್ತು.

ಹಬ್ಬದ ಹಿಂದಿನ ದಿನ ಉದ್ಘಾಟನೆ. ರೈಲು ಕಲ್ಯಾಣ ಮುಟ್ಟುವುದನ್ನು ನೋಡಬೇಕಾದರೆ ಭಾವನ ಮನೆಗೇ ಹೋಗಬೇಕಲ್ಲ. ಸೋನುಬಾಯಿ ಸೆರಗು ಸರಿಮಾಡಿಕೊಂಡು ಆ ಹೊಸ್ತಿಲು ದಾಟಿದಳು. ಶ್ರೀಮಂತನ ಹೆಂಡತಿ ಮುಕ್ತಾಬಾಯಿ, "ಬಾ" ಎಂದಷ್ಟೇ ಅಂದು ಚಾಪೆಯ ಮೇಲೆ ಅತ್ತ ಸರಿದಳು.

ಈ ಕಡೆ ತುಳಜಾರಾಮ ಬ್ಯಾಟರಿಗೆ ವೈರು ಹಚ್ಚಿದ. ರೈಲು ಹುಮನಾಬಾದ್ ಬಿಟ್ಟು ಗೋಡೆಯ ಬಾಯಿಗೆ ಬಂತು. ಅಲ್ಲಿ ಹೊಸ ಸ್ಟೇಷನ್ ಮಾಸ್ತರ ನೆಟ್ಟ ಕಟ್ಟಿಗೆಯ ಸಿಗ್ನಲ್ ಅಡ್ಡ ಬಿದ್ದಿತ್ತು. ತುಳಜಾರಾಮ ವೈರು ತೆಗೆದು ತೂತಿಗೆ ಬಾಯಿ ಇಟ್ಟ.

"ಅಣ್ಣಾ, ಸಿಗ್ನಲ್ ಕೊಡೋ!"

"ಊಟ ಮಾಡಾಕತ್ತೀನಿ. ಗಾಡಿ ಅಲ್ಲೇ ನಿಲ್ಲಲಿ."

"ಏಳ್ರಿ, ಸೋನು ಕುಂತಾಳ. ನೌಕರಿ ಸಿಕ್ಕ ಮೊದಲ ದಿನಾನೇ ಹಿಂಗಾ?" ಎಂದಳು ಮುಕ್ತಾಬಾಯಿ.

"ಪಕ್ಕಾ ನೌಕರಿ ಅದ. ಯಾರೇನ್ ಮಾಡ್ತಾರ?"

ಎರಡನೇ ಸಲ ಅನ್ನಸಾರು ಹಾಕಿಸಿಕೊಂಡು, ಮಜ್ಜಿಗೆ ಕುಡಿದು, ಕೈ ತೊಳೆದು, ಟೋಪಿ ಹಾಕಿಕೊಂಡು ಸ್ಟೇಷನ್ ಮಾಸ್ತರ ಸಿಗ್ನಲ್ ಎತ್ತಿದ. ಗೋಡೆಯೊಳಗಿಂದ ಎಣ್ಣೆ ಡಬ್ಬದ ರೈಲು ಕಟಕಟ ಎನ್ನುತ್ತ ಹೊರಬಂದು, ಅವನ ತಟ್ಟೆಗೆ ಡಿಕ್ಕಿ ಹೊಡೆದು ನಿಂತಿತು. ಬಸವಕಲ್ಯಾಣ.

ಸೋನುಬಾಯಿ ಬಗ್ಗಿ ಇಂಜಿನ್ನಿಗೆ ಅಂಟಿದ ಅನ್ನದ ಅಗುಳು ತೆಗೆದಳು. "ಬಸ್ಸಿಗಿಂತ ತಡಾ ಆಯ್ತು" ಎಂದಳು. ಆದರೆ ಗುಜರಿಯ ಮಾತು ಮತ್ತೆ ಎತ್ತಲಿಲ್ಲ.

ವಾಪಸು ಹೋಗುವ ರೈಲಿನಲ್ಲಿ ಮುಕ್ತಾಬಾಯಿ ಹಬ್ಬಕ್ಕೆ ಕರಿದ ಒಂದು ಕರ್ಚಿಕಾಯಿ ಇಟ್ಟಳು. ಮುಕ್ತಾಬಾಯಿಯ ಕರ್ಚಿಕಾಯಿ ಎಂದರೆ ಒಂದಕ್ಕೆ ಎರಡಾಳು ಬೇಕು. ಅದು ಗೋಡೆಯಲ್ಲಿ ಸಿಕ್ಕಿಕೊಂಡಿತು. ಶ್ರೀಮಂತ ಯಾರನ್ನೂ ಕೇಳದೆ ಹಾರೆ ತಂದು, "ನನ್ನ ಗ್ವಾಡಿ ಅದ, ನಾ ಏನರೆ ಮಾಡ್ತೀನಿ" ಎಂದು ತೂತನ್ನು ದೊಡ್ಡದು ಮಾಡಿದ. ಮರುದಿನ ಇನ್ನಷ್ಟು. ಈಗ ಆ ತೂತಿನಲ್ಲಿ ಸೋನುಬಾಯಿ ತಲೆ ಬಗ್ಗಿಸದೆ ಹೋಗಿ ಬರುತ್ತಾಳೆ. ಸಿಗ್ನಲ್ ಬಿದ್ದಿದ್ದರೆ ಮಾತ್ರ ನಿಲ್ಲುತ್ತಾಳೆ. ಅಣ್ಣತಮ್ಮಂದಿರು ಮುಂಜಾನೆಯಿಂದ ಸಂಜೆಯ ತನಕ ರೈಲಿನ ಟೈಮಿನ ಮೇಲೆ ಒದರಾಡುತ್ತಾರೆ. ಎಮ್ಮೆಗೂ ಎತ್ತಿಗೂ ಬಿಡುವು ಸಿಕ್ಕಿದೆ.

ಮೊನ್ನೆ ಇಬ್ಬರೂ ಕೂಡಿ ನಮ್ಮ ಮನೆಗೆ ಬಂದರು. ಅಳತೆಯ ಟೇಪಿನ ಒಂದು ತುದಿ ಅಣ್ಣನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ.

"ಕಾಕಾ, ಕಲ್ಯಾಣದ ಮುಂದ ಉಮರ್ಗಾ ಅದ" ಎಂದ ಶ್ರೀಮಂತ.

"ಅದು ನಿಮ್ಮ ಟಿವಿ ಇಟ್ಟ ಜಾಗದಾಗ ಬರ್ತದ್ರಿ" ಎಂದ ತುಳಜಾರಾಮ.

"ಟಿವಿ ಅಲ್ಲೋ, ಅದರ ಬಲಕ್ಕ. ಟೇಪ್ ಸೀದಾ ಹಿಡಿ."

"ನೀ ಹಿಡಿ ಸೀದಾ!"

ನಾನು ಟಿವಿ ಬಂದ್ ಮಾಡಿ, ಎತ್ತಿ ಪಲ್ಲಂಗದ ಮೇಲಿಟ್ಟೆ.